ರೇಸ್ ಮುಕ್ಕಾಲು ಗಂಟೆ, ನೀರು ಬಂದ್ ದಿನವಿಡೀ: ಯಾಕೆ?

ಪ್ರಶ್ನೆ: ನಾವು ಬೆಂಗಳೂರಿನ ಹನ್ನೆರಡು ಮಂದಿ, ವಾರಾಂತ್ಯಕ್ಕೆ ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಹೊಳೆಗೋ ಹಿನ್ನೀರಿಗೋ ಹೋಗುವವರು. ಮೋಟಾರುದೋಣಿ ರೇಸ್ ಇದ್ದ ಕಡೆ ಮೂರ್ನಾಲ್ಕು ಕಿ.ಮೀ. ಉದ್ದಕ್ಕೂ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ದೋಣಿಯೂ ನೀರಿಗಿಳಿಯಬಾರದು ಎಂದು ತಡೆ ಹಾಕುತ್ತಾರೆ. ರೇಸ್ ನಡೆಯುವುದು ಮುಕ್ಕಾಲು ಗಂಟೆ. ದಡಕ್ಕೆ ಅಂಟಿಕೊಂಡು ಹೋಗುವ ನಮಗೂ ಯಾಕೆ ತಡೆ? ಮೀನು ಹಿಡಿಯುವವರ ತೆಪ್ಪಗಳ ಗತಿ ಏನು? ಮುಂದಿನ ವರ್ಷ ನಮ್ಮ ಗೆಳೆಯರೇ ಒಂದು ಜಲಾಶಯದಲ್ಲಿ ಸಣ್ಣ ಮೋಟಾರುದೋಣಿ ಸ್ಪರ್ಧೆ ನಡೆಸುವ ಯೋಚನೆಯಲ್ಲಿದ್ದಾರೆ. ನೀರನ್ನು ಮುಚ್ಚುವ ಕೆಲಸ ಹೇಗೆ ಮಾಡಬೇಕು?

ಉತ್ತರ: ದಡದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಜನ ಹೆಚ್ಚು ತಪ್ಪು ತಿಳಿದಿರುವುದು ಅಲ್ಲೇ. ನಡುನೀರು ಅಪಾಯ, ದಡ ಕ್ಷೇಮ ಅನ್ನುವುದು ಈಜು ಬಾರದವರ ಲೆಕ್ಕ. ಅಲೆಯ ಲೆಕ್ಕ ಬೇರೆ. ಆಳದಲ್ಲಿ 40 ಸೆಂ.ಮೀ. ಎತ್ತರದ ಅಲೆ ನಿಮ್ಮ ಕಯಾಕನ್ನು ಎತ್ತಿ, ಇಳಿಸಿ, ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅದೇ ಅಲೆ ದಡದ ಹತ್ತಿರ ಬಂದು, ನೀರಿನ ಆಳ ಅದರ ಎತ್ತರದ ಸುಮಾರು 1.3 ಪಟ್ಟಿಗೆ, ಅಂದರೆ ಅರ್ಧ ಮೀಟರಿಗೆ ಇಳಿದಾಗ ಬುಡ ತಡೆದು ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ದಡಕ್ಕೆ ಸಮಾನಾಂತರವಾಗಿ ಹೋಗುವ ಕಯಾಕಿಗೆ ಅದು ಬಂದು ಬಡಿಯುವುದು ಸರಿಯಾಗಿ ಪಕ್ಕೆಗೆ. ಮಗುಚಿದರೆ ನೀವು ಬೀಳುವುದು ಅರ್ಧ ಮೀಟರ್ ನೀರಿನಲ್ಲಿ, ಬಂಡೆಯ ಮೇಲೆ, ತಲೆ ಕೆಳಗಾಗಿ. ದಡ ಕಲ್ಲಿನ ಗೋಡೆಯೋ ಸ್ನಾನಘಟ್ಟವೋ ಆಗಿದ್ದರೆ ಇನ್ನೂ ಕಷ್ಟ. ಅಲೆ ಅಲ್ಲಿ ಸಾಯುವುದಿಲ್ಲ, ಹಿಂದಕ್ಕೆ ಚಿಮ್ಮಿ ಹೊಸ ಅಲೆಯ ಜೊತೆ ಸೇರಿ ಎರಡೂ ದಿಕ್ಕಿನಿಂದ ಕುಲುಕುತ್ತದೆ. ಇಳಿಜಾರು ಮಣ್ಣಿನ ದಡ, ಜೊಂಡು ಬೆಳೆದ ದಡ ಅಲೆಯನ್ನು ನುಂಗುತ್ತವೆ. ಹಾಗಾಗಿ ಒಂದೇ ರೇಸಿಗೆ ಒಂದು ಊರಲ್ಲಿ ಒಂದೂವರೆ ಕಿ.ಮೀ. ಮುಚ್ಚಿದರೆ ಸಾಕಾಗಬಹುದು, ಇನ್ನೊಂದು ಊರಲ್ಲಿ ಮೂರು ಕಿ.ಮೀ. ಬೇಕಾಗಬಹುದು.

ಇನ್ನು ವೇಗ. ಎಫ್‌1ಎಚ್‌2ಒ ಎಂಬ ಅಂತರರಾಷ್ಟ್ರೀಯ ಮೋಟಾರುದೋಣಿ ಸ್ಪರ್ಧೆಯ ದೋಣಿ 6 ಮೀಟರ್ ಉದ್ದ, ಇಂಜಿನ್ ಸೇರಿ ನಾನೂರು ಕೆ.ಜಿ. ಆಸುಪಾಸು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಎರಡೇ ಸೆಕೆಂಡಿನಲ್ಲಿ ಏರುತ್ತದೆ, ಗರಿಷ್ಠ ವೇಗ ಗಂಟೆಗೆ 250 ಕಿ.ಮೀ. ಮುಟ್ಟುತ್ತದೆ. ಗೇರಿಲ್ಲ, ಬ್ರೇಕಿಲ್ಲ. ಅಮೆರಿಕದ ನದಿಗಳಲ್ಲಿ ಓಡುವ ಅನ್‌ಲಿಮಿಟೆಡ್ ಹೈಡ್ರೋಪ್ಲೇನ್‌ಗಳು ಇನ್ನೂ ದೊಡ್ಡವು. ಮೂರು ಟನ್ ತೂಕ, ಚಿನೂಕ್ ಹೆಲಿಕಾಪ್ಟರಿನ ಟರ್ಬೈನ್ ಇಂಜಿನ್, ನೇರ ಓಟದಲ್ಲಿ ಗಂಟೆಗೆ 300 ಕಿ.ಮೀ. ದಾಟುವ ವೇಗ, ಹಿಂದೆ ಎರಡು ಮಹಡಿಗಿಂತ ಎತ್ತರಕ್ಕೆ ಏಳುವ ನೀರಿನ ಬಾಲ. ಆ ಬಾಲದ ಹಿಂದೆ ಬರುವ ಚಾಲಕನಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ.

ಈಗ ನಿಮ್ಮ ಕಯಾಕನ್ನು ಇದರ ಎದುರಿಗಿಡಿ. ಆರಾಮವಾಗಿ ಹುಟ್ಟು ಹಾಕಿದರೆ ಗಂಟೆಗೆ 5 ಕಿ.ಮೀ. ನೂರು ಮೀಟರ್ ಅಗಲದ ಓಟದ ಪಟ್ಟಿಯನ್ನು ದಾಟಲು 72 ಸೆಕೆಂಡ್ ಬೇಕು. ಸರಾಸರಿ 180 ಕಿ.ಮೀ. ವೇಗದ ಒಂದು ದೋಣಿ ಆ 72 ಸೆಕೆಂಡಿನಲ್ಲಿ 3.6 ಕಿ.ಮೀ. ಓಡಿರುತ್ತದೆ. ಸುತ್ತು 2 ಕಿ.ಮೀ. ಇದ್ದು ಹತ್ತು ದೋಣಿಗಳು ಓಡುತ್ತಿದ್ದರೆ, ನೀವು ದಾಟಿ ಮುಗಿಸುವಷ್ಟರಲ್ಲಿ ನಿಮ್ಮ ಹಾದಿಯನ್ನು ಹದಿನೆಂಟು ಸಲ ಯಾರಾದರೂ ಕತ್ತರಿಸಿ ಹೋಗಿರುತ್ತಾರೆ. ಚಾಲಕ ನಿಮ್ಮನ್ನು ಕಂಡು ಥ್ರಾಟಲ್ ಬಿಡಲು ಮೂರು ಸೆಕೆಂಡ್ ತೆಗೆದುಕೊಂಡನೆಂದರೂ ಅಷ್ಟರಲ್ಲಿ 150 ಮೀಟರ್ ಮುಗಿಯಿತು. ಅದೂ ಕಂಡರೆ. ಕೂತಿರುವ ನಿಮ್ಮ ತಲೆ ನೀರಿನಿಂದ ಎಂಬತ್ತು ತೊಂಬತ್ತು ಸೆಂ.ಮೀ. ಮೇಲಿರುತ್ತದೆ. ಚಾಲಕ ಅದಕ್ಕಿಂತ ತಗ್ಗಿನಲ್ಲಿ, ಮುಚ್ಚಿದ ಗೂಡಿನೊಳಗೆ ಬಿಗಿದು ಕೂತಿರುತ್ತಾನೆ. ನಡುವೆ ಅರ್ಧ ಮೀಟರ್ ಅಲೆಯಿದ್ದರೆ ಅವನಿಗೆ ಕಾಣುವುದು ನಿಮ್ಮ ಹ್ಯಾಟು ಮಾತ್ರ. ನೀಲಿ, ಹಸಿರು ಕಯಾಕ್ ನೀರಿನ ಬಣ್ಣದಲ್ಲೇ ಕರಗಿಹೋಗುತ್ತದೆ.

ಇಷ್ಟು ಹೊತ್ತು ಅವರಿಂದ ನಿಮಗೆ ಆಗುವ ಅಪಾಯದ ಮಾತಾಯಿತು. ನಿಮ್ಮಿಂದ ಅವರಿಗೆ ಆಗುವುದನ್ನು ಜನ ಯೋಚಿಸುವುದೇ ಇಲ್ಲ. ಈ ದೋಣಿಗಳ ಅಡಿಭಾಗ ಎರಡು ಹಲಗೆಗಳ ನಡುವಿನ ಸುರಂಗದಂತೆ ಇರುತ್ತದೆ. ವೇಗ ಏರಿದಂತೆ ಆ ಸುರಂಗಕ್ಕೆ ನುಗ್ಗುವ ಗಾಳಿ ದೋಣಿಯನ್ನು ಎತ್ತಿ ಹಿಡಿಯುತ್ತದೆ, ನೀರಿಗೆ ತಾಗಿರುವುದು ಹಿಂಭಾಗದ ಒಂದಿಷ್ಟು ಮಾತ್ರ. ಇಂಥ ಸ್ಥಿತಿಯಲ್ಲಿ ಎಲ್ಲಿಂದಲೋ ಬಂದ ಒಂದು ಅಲೆ ಮೂತಿಯನ್ನು ತುಸು ಮೇಲಕ್ಕೆ ತಳ್ಳಿದರೆ ಗಾಳಿ ಒಳನುಗ್ಗಿ ದೋಣಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಆ ಅಲೆ ಹುಟ್ಟಿಸಿದವರು ಅರ್ಧ ಕಿ.ಮೀ. ದೂರದ ಪ್ರವಾಸಿ ದೋಣಿಯವರಾಗಿರಬಹುದು. ಗಂಟೆಗೆ 13–14 ಕಿ.ಮೀ. ವೇಗದಲ್ಲಿ ಹೋಗುವ ದೋಣಿಯ ಹಿಂದೆ ಏಳುವ ಅಲೆಗಳಲ್ಲಿ ಒಂದರ ನೆತ್ತಿಯಿಂದ ಮುಂದಿನದರ ನೆತ್ತಿಗೆ ಸುಮಾರು 9 ಮೀಟರ್. ಆಳ ನೀರಿನಲ್ಲಿ ಆ ಅಲೆಗಳ ಗುಂಪು ಸೆಕೆಂಡಿಗೆ 1.9 ಮೀಟರಿನಂತೆ ಸಾಗುತ್ತದೆ. 400 ಮೀಟರ್ ದಾಟಲು ಮೂರೂವರೆ ನಿಮಿಷ. ಅಂದರೆ ದೋಣಿ ಕಣ್ಮರೆಯಾಗಿ, ಎಲ್ಲರೂ ನೀರು ಖಾಲಿ ಎಂದುಕೊಂಡ ಮೇಲೆ ಅಲೆ ಬಂದು ಓಟದ ಪಟ್ಟಿಗೆ ತಲುಪುತ್ತದೆ. ನಿರ್ಬಂಧದ ಗಡಿಯನ್ನು ಓಟದ ಪಟ್ಟಿಯಿಂದ ಅಷ್ಟು ದೂರ ಎಳೆಯುವುದಕ್ಕೂ, ಕೊನೆಯ ದೋಣಿ ಹೊರಹೋದ ಮೇಲೆ ಹತ್ತು ನಿಮಿಷ ಕಾಯುವುದಕ್ಕೂ ಕಾರಣ ಇದೇ.

ದಿನವಿಡೀ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಮುಕ್ಕಾಲು ಗಂಟೆಯ ಅಂತಿಮ ಓಟಕ್ಕೆ ಮೊದಲು ಅಭ್ಯಾಸ, ಅರ್ಹತಾ ಸುತ್ತು, ಕಿರಿಯರ ವರ್ಗದ ಓಟ ಎಲ್ಲ ಇರುತ್ತವೆ. ನಡುವೆ ಬಿಡುವು ಇಪ್ಪತ್ತು ನಿಮಿಷ, ಅರ್ಧ ಗಂಟೆ. ಪ್ರತಿ ಬಿಡುವಿಗೂ ನೀರು ತೆರೆದರೆ, ಮತ್ತೆ ಮುಚ್ಚಲು ಗಸ್ತು ತಿರುಗಿ ಖಾಲಿ ಮಾಡಿಸಿ, ಅಲೆ ತಣಿಯುವ ತನಕ ಕಾಯಬೇಕು, ಬಿಡುವು ಅಲ್ಲಿಗೇ ಮುಗಿಯಿತು. ನನ್ನ ಅಭಿಪ್ರಾಯದಲ್ಲಿ ನಲವತ್ತು ನಿಮಿಷಕ್ಕಿಂತ ಚಿಕ್ಕ ಬಿಡುವಿಗೆ ನೀರು ತೆರೆಯಲೇಬಾರದು. ಅರೆತೆರೆದ ನೀರಿನಷ್ಟು ಅಪಾಯಕಾರಿ ಇನ್ನೊಂದಿಲ್ಲ. ಅರ್ಧ ಜನ ತೆರೆದಿದೆ ಎಂದುಕೊಂಡು ಇಳಿದಿರುತ್ತಾರೆ, ಇನ್ನರ್ಧ ಜನ ಮುಚ್ಚಿದೆ ಎಂದುಕೊಂಡು ಓಡಿಸುತ್ತಿರುತ್ತಾರೆ.

ಆದರೆ ಎರಡು ಮೂರು ಗಂಟೆಯ ಬಿಡುವಿದ್ದರೆ ತೆರೆಯಲೇಬೇಕು. ಅಮೆರಿಕದ ಓಹಾಯೋ ನದಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂಡಿಯಾನಾದ ಮ್ಯಾಡಿಸನ್ ಊರಿನ ಮುಂದೆ ಪ್ರತಿ ವರ್ಷ ಜುಲೈ ಆರಂಭದ ಹೊತ್ತಿಗೆ ಹೈಡ್ರೋಪ್ಲೇನ್ ರೇಸ್ ನಡೆಯುತ್ತದೆ. ಅದೇ ನೀರಿನಲ್ಲಿ ಬಾರ್ಜ್‌ಗಳ, ಅಂದರೆ ಚಪ್ಪಟೆ ತಳದ ಸರಕುದೋಣಿಗಳ, ಸಾಲು ಹೋಗಬೇಕು. ಹದಿನೈದು ಬಾರ್ಜ್ ಜೋಡಿಸಿದರೆ ಆ ಸಾಲು ಸುಮಾರು 300 ಮೀಟರ್ ಉದ್ದ, 32 ಮೀಟರ್ ಅಗಲ. ನಿಲ್ಲು ಅಂದರೆ ನಿಲ್ಲುವ ವಸ್ತುವಲ್ಲ ಅದು. ಒಂದು ಕಿ.ಮೀ.ಗಿಂತ ಹೆಚ್ಚು ದೂರ ಜಾರಿಕೊಂಡೇ ಹೋಗಬಲ್ಲದು. ಮೇಲ್ಗಡೆ ಮಾರ್ಕ್‌ಲ್ಯಾಂಡ್, ಕೆಳಗಡೆ ಲೂಯಿವಿಲ್‌ನ ಮ್ಯಾಕ್ಆಲ್ಪಿನ್ ಲಾಕ್‌ಗಳಿವೆ, ಅಂದರೆ ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಗಳು. ಇಂಥ ನದಿಯಲ್ಲಿ ಮುಚ್ಚುವ ಹೊತ್ತು, ಬಿಡುವ ಹೊತ್ತು ಎರಡನ್ನೂ ಮೊದಲೇ ನಿಗದಿಮಾಡಿ ಬಾರ್ಜ್‌ನವರಿಗೆ ತಿಳಿಸದಿದ್ದರೆ, ರೇಸ್ ನಡುವೆ ಇಪ್ಪತ್ತು ಸಾವಿರ ಟನ್ ಸರಕು ತಿರುವಿನಲ್ಲಿ ಪ್ರತ್ಯಕ್ಷವಾಗುತ್ತದೆ. ಅಲ್ಲಿನ ಸೂಚನೆಗಳು ಜಾಗವನ್ನು ಹೇಳುವ ರೀತಿಯೂ ಕಲಿಯುವಂಥದ್ದು. ಪಿಟ್ಸ್‌ಬರ್ಗ್‌ನಿಂದ ಎಣಿಸಿದ ನದಿಯ ಮೈಲಿಸಂಖ್ಯೆ ಕೊಟ್ಟು ಇಂಥ ಮೈಲಿಯಿಂದ ಇಂಥ ಮೈಲಿಯವರೆಗೆ ಎನ್ನುತ್ತಾರೆ, ಗೊಂದಲಕ್ಕೆ ಜಾಗವಿಲ್ಲ. ನಮ್ಮಲ್ಲಿ 'ಸೇತುವೆಯ ಆಸುಪಾಸಿನಲ್ಲಿ' ಎಂದು ಬರೆದರೆ ಯಾವ ಕಡೆ, ಎಷ್ಟು ದೂರ ಎಂದು ತೆಪ್ಪದವನು ಯಾರನ್ನು ಕೇಳಬೇಕು?

ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಲ್ಲಿ ನಾವು ಎರವಲು ಪಡೆಯಬೇಕಾದ್ದು ಎರಡಿವೆ. ಹೊಸ ಸ್ಪರ್ಧೆಯಾದರೆ 135 ದಿನ ಮೊದಲು ಅರ್ಜಿ ಹಾಕಬೇಕು, ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ರೀತಿ ನಡೆಯುವಂಥದ್ದಾದರೆ 60 ದಿನ ಸಾಕು. ನಾಲ್ಕೂವರೆ ತಿಂಗಳು ವಿಪರೀತ ಅನಿಸಬಹುದು, ಆದರೆ ಯಾರ ಬದುಕು ಆ ನೀರಿನ ಮೇಲಿದೆ ಎಂದು ಹುಡುಕಿ ಅವರನ್ನು ಕೇಳಲು ಅಷ್ಟು ಬೇಕೇ ಬೇಕು. ಎರಡನೆಯದು, ನೀರಿನ ಮೇಲೆ ಒಬ್ಬನೇ ಗಸ್ತು ಮುಖ್ಯಸ್ಥ. ಅವನು ಸಂಘಟಕರ ಆಳಲ್ಲ. ಯಾವ ದೋಣಿಯನ್ನಾದರೂ ನಿಲ್ಲಿಸುವ, ರೇಸನ್ನೇ ತಡೆಯುವ ಅಧಿಕಾರ ಅವನಿಗಿದೆ. ಪ್ರಾಯೋಜಕರು, ಟೀವಿಯವರು, ವೇದಿಕೆ ಮೇಲಿನ ಗಣ್ಯರು ಕಾಯುತ್ತಿದ್ದಾರೆ ಎಂಬ ಒತ್ತಡ ಸಂಘಟಕನ ಮೇಲಿರುತ್ತದೆ, ಅವನ ಮೇಲಿರಬಾರದು. ನಿಮ್ಮ ಗೆಳೆಯರು ಇದೊಂದನ್ನು ಸರಿಯಾಗಿ ಮಾಡಿದರೂ ಅರ್ಧ ಅಪಾಯ ಕಳೆದಂತೆ.

ಭಾರತದಲ್ಲಿ 2018ರ ನವೆಂಬರ್ 16ರಿಂದ 18ರವರೆಗೆ ಎಫ್‌1ಎಚ್‌2ಒ ಸುತ್ತು ವಿಜಯವಾಡದ ಕೃಷ್ಣಾ ನದಿಯಲ್ಲಿ ನಡೆಯಿತು. ಪ್ರಕಾಶಂ ಬ್ಯಾರೇಜ್ ಹಿಂದೆ ನಿಂತ ಅಗಲವಾದ ನೀರು, ಮಳೆಗಾಲ ಕಳೆದ ತಿಂಗಳು. ಜಾಗ, ಕಾಲ ಎರಡೂ ಈ ಕೆಲಸಕ್ಕೆ ಒಪ್ಪುವಂಥವು. ಹರಿಯುವ ನದಿಯಲ್ಲಿ ನೆರೆ ಬಂದರೆ ದಿಮ್ಮಿ, ಬುಡಸಮೇತ ಮರ ತೇಲಿಬರುತ್ತವೆ. ಮ್ಯಾಡಿಸನ್ ರೇಸ್ ಒಂದಕ್ಕಿಂತ ಹೆಚ್ಚು ಸಲ ರದ್ದಾದದ್ದು ಏರಿದ ನೀರು ಮತ್ತು ತೇಲುವ ಮರಗಳಿಂದಲೇ. ಇಂಜಿನ್ ಇಲ್ಲದ ಸ್ಪರ್ಧೆಯಲ್ಲೂ ನೀರು ಮುಚ್ಚುತ್ತಾರೆ ಎನ್ನುವುದಕ್ಕೆ ಆಲಪ್ಪುಳದ ಪುನ್ನಮಡ ಕೆರೆಯಲ್ಲಿ ನಡೆಯುವ ನೆಹರು ಟ್ರೋಫಿಯನ್ನು ನೋಡಿ. ಆ ದಿನ ಅನುಮತಿಯಿಲ್ಲದ ದೋಣಿ ಓಟದ ಪಟ್ಟಿಗೆ ಬರುವಂತಿಲ್ಲ.

ಈಗ ನಿಮ್ಮ ಗೆಳೆಯರ ಯೋಜನೆ. ಬೆಂಗಳೂರಿನೊಳಗೇ ಮಾಡೋಣ ಎಂಬ ಆಸೆಯಿದ್ದರೆ ಬಿಟ್ಟುಬಿಡಲಿ. ಹಲಸೂರು ಕೆರೆ ಸುಮಾರು 50 ಹೆಕ್ಟೇರ್. ಚಚ್ಚೌಕ ಎಂದುಕೊಂಡರೂ ಒಂದು ಬದಿ 700 ಮೀಟರ್, ಅದರೊಳಗೆ ನಡುಗಡ್ಡೆಗಳು ಬೇರೆ, ಸುತ್ತ ಕಲ್ಲುಕಟ್ಟೆ. ಒಂದು ಸಣ್ಣ ಸುತ್ತು ಹಾಕಿ ನಾಲ್ಕೂ ಕಡೆ 200 ಮೀಟರ್ ಬಿಟ್ಟರೆ ಓಡಲು ಉಳಿಯುವುದು 300 ಮೀಟರ್. ಕುಡಿಯುವ ನೀರಿನ ಮೂಲಗಳೂ ಬೇಡ. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ. ಆ ನೀರು ಸೆಳೆಯುವ ಜಾಗಕ್ಕಿಂತ ಮೇಲ್ಗಡೆ ಪೆಟ್ರೋಲ್ ಚೆಲ್ಲಿದರೆ ಅದು ರೇಸಿನವರ ಸಮಸ್ಯೆಯಾಗಿ ಉಳಿಯುವುದಿಲ್ಲ. ಪಕ್ಷಿಧಾಮ, ಅಭಯಾರಣ್ಯಕ್ಕೆ ತಾಗಿದ ಹಿನ್ನೀರುಗಳನ್ನೂ ಪಟ್ಟಿಯಿಂದ ತೆಗೆಯಿರಿ.

ಜಾಗ ಸಿಕ್ಕಿತೆಂದುಕೊಳ್ಳಿ. ಮೊದಲ ಕೆಲಸ ನೀರಿನ ಒಡೆಯರು ಯಾರು ಎಂದು ತಿಳಿಯುವುದು. ಕೆಲವು ಜಲಾಶಯ ಕಾವೇರಿ ನೀರಾವರಿ ನಿಗಮದ್ದು, ಕೆಲವು ವಿದ್ಯುತ್ ನಿಗಮದ್ದು. ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತದೆ. ದಡ ಕಂದಾಯದ್ದೋ ಅರಣ್ಯದ್ದೋ ನೋಡಬೇಕು. ಯಂತ್ರದ ದೋಣಿಗಳ ನೋಂದಣಿ, ವಿಮೆ, ಚಾಲಕರ ಅರ್ಹತೆ ಎಲ್ಲ 2021ರ ಒಳನಾಡು ಹಡಗುಗಳ ಕಾಯಿದೆಯ ಅಡಿ ಬರುತ್ತವೆ. 1917ರ ಹಳೆಯ ಕಾಯಿದೆಯ ಜಾಗಕ್ಕೆ ಬಂದದ್ದು ಇದು. ಆದರೆ 'ಇಂಥ ಹೊತ್ತಿನಲ್ಲಿ ಇಲ್ಲಿ ಯಾರೂ ನೀರಿಗಿಳಿಯಬಾರದು' ಎಂದು ಸಾರ್ವಜನಿಕರನ್ನು ತಡೆಯಲು ಸಂಘಟಕರಿಗೆ ಅಧಿಕಾರವಿಲ್ಲ, ಅಣೆಕಟ್ಟಿನ ಎಂಜಿನಿಯರರ ಒಪ್ಪಿಗೆ ಪತ್ರವೂ ಅದಕ್ಕೆ ಸಾಲದು. ಜಿಲ್ಲಾಧಿಕಾರಿಗಳ ಆದೇಶ ಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ (ಹಿಂದಿನ 144) ಅಡಿ ಇಂಥ ತಡೆಯಾಜ್ಞೆ ಹೊರಡಿಸಲು ಬರುತ್ತದೆ. ಅರ್ಜಿಯ ಜೊತೆ ನಕ್ಷೆ ಕೊಡಿ. ಗಡಿಯ ನಾಲ್ಕೂ ಮೂಲೆಗಳ ಅಕ್ಷಾಂಶ ರೇಖಾಂಶ, ದಡದಲ್ಲಿ ಕಣ್ಣಿಗೆ ಕಾಣುವ ಗುರುತು, ಮುಚ್ಚುವ ಮತ್ತು ತೆರೆಯುವ ಗಂಟೆ, ಮಳೆ ಬಂದರೆ ಬದಲಿ ದಿನ ಎಲ್ಲವೂ ಅದರಲ್ಲಿರಲಿ. ಬದಲಿ ದಿನ ಬರೆಯದೆ ಬಿಟ್ಟು, ಮಳೆಯಿಂದ ಸೋಮವಾರಕ್ಕೆ ಮುಂದೂಡಿದರೆ ಸೋಮವಾರ ಆದೇಶವೇ ಇರುವುದಿಲ್ಲ.

ಗಡಿ ಎಳೆಯುವಾಗ ಆಯತ ಎಳೆಯಬೇಡಿ. ನಿಯಂತ್ರಣ ತಪ್ಪಿದ ದೋಣಿ ಪಕ್ಕಕ್ಕಿಂತ ಹೆಚ್ಚಾಗಿ ನೇರಕ್ಕೆ ಹೋಗುತ್ತದೆ. ಆದ್ದರಿಂದ ನೇರ ಓಟದ ಎರಡೂ ತುದಿಗಳಲ್ಲಿ, ತಿರುವಿನ ಆಚೆಗೆ, ಗಡಿ ಹೊಟ್ಟೆಯಂತೆ ಉಬ್ಬಬೇಕು. 150 ಕಿ.ಮೀ. ವೇಗದ ಸಣ್ಣ ವರ್ಗದ ದೋಣಿಗೂ ತುದಿಯಲ್ಲಿ 300 ಮೀಟರ್, ಪಕ್ಕದಲ್ಲಿ 150 ಮೀಟರ್ ಬಿಟ್ಟರೆ ಒಳ್ಳೆಯದು. ನೋಡಲು ಬರುವ ದೋಣಿಗಳಿಗೆ ಜಾಗ ಕೊಡುವುದಾದರೆ ನೇರ ಓಟದ ಪಕ್ಕದಲ್ಲಿ, ಅದೂ ಹರಿವಿನ ಕೆಳಗಡೆಗೆ ಕೊಡಿ. ಯಾರದ್ದಾದರೂ ಇಂಜಿನ್ ಕೆಟ್ಟರೆ, ಲಂಗರು ಕಿತ್ತರೆ ನೀರೇ ಅವರನ್ನು ಓಟದಿಂದ ದೂರ ಒಯ್ಯುತ್ತದೆ. ಮೇಲ್ಗಡೆ ನಿಲ್ಲಿಸಿದರೆ ಸೆಕೆಂಡಿಗೆ ಒಂದು ಮೀಟರ್ ಹರಿವಿನಲ್ಲಿ 300 ಮೀಟರ್ ಅಂತರ ಐದೇ ನಿಮಿಷದಲ್ಲಿ ಕರಗಿ, ಕೆಟ್ಟ ದೋಣಿ ಓಟದ ನಡುವೆ ಬಂದು ನಿಲ್ಲುತ್ತದೆ. ಮೇಲ್ಗಡೆಯ ಗಡಿಯಲ್ಲಿ ಎಳೆಯುವ ಹಗ್ಗ ಸಿದ್ಧವಾಗಿಟ್ಟುಕೊಂಡ ಒಂದು ದೋಣಿ ಸದಾ ಇರಲಿ.

ಗಡಿಗೆ ತೇಲುಗುರುತು ಹಾಕುವುದು ಸುಲಭ ಕೆಲಸ ಎಂದುಕೊಂಡು ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಬಣ್ಣ ಹಳದಿಯಿರಲಿ, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ವಿಶೇಷ ಪ್ರದೇಶದ ಗುರುತು ಅದೇ. ಐವತ್ತು ಮೀಟರಿಗೊಂದು ಹಾಕಿ, ಕಯಾಕಿನಲ್ಲಿ ತಗ್ಗಾಗಿ ಕೂತವನಿಗೂ ಒಂದೇ ಸಲಕ್ಕೆ ಎರಡು ಮೂರು ಕಾಣಬೇಕು. ಲಂಗರಿಗೆ ಕಾಂಕ್ರೀಟ್ ಗುಂಡು ಹಾಕುವವರು ಒಂದು ಮರೆಯುತ್ತಾರೆ. 50 ಕೆ.ಜಿ. ಕಾಂಕ್ರೀಟ್ ನೀರಿಗಿಳಿದರೆ ತೂಗುವುದು 29 ಕೆ.ಜಿ. ಮಾತ್ರ, ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ. ಜೋರು ಗಾಳಿ, ಅಲೆ ಎರಡೂ ಸೇರಿದರೆ ಅರ್ಧ ಮೀಟರ್ ಅಗಲದ ತೇಲುಬುರುಡೆ ಅದನ್ನು ಎಳೆದುಕೊಂಡು ಹೋಗಬಲ್ಲದು. ಗುಂಡುಗಳನ್ನು ಎರಡೆರಡು ಕಟ್ಟಿ. ಹಗ್ಗದ ಉದ್ದ ನಿಂತ ನೀರಿನಲ್ಲಿ ಆಳದ ಒಂದೂವರೆ ಪಟ್ಟು, ಹರಿವಿದ್ದರೆ ಮೂರು ಪಟ್ಟು. ಅಳತೆ ಸರಿಯಾಗಿ ಆಳದಷ್ಟೇ ಇದ್ದರೆ ಅಲೆ ಬಂದಾಗ ಬುರುಡೆ ಗುಂಡನ್ನೇ ಎತ್ತಿಬಿಡುತ್ತದೆ. ನೈಲಾನ್ ಹಗ್ಗವೇ ಬೇಕು. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಸಡಿಲವಾದ ಭಾಗ ಮೇಲೆದ್ದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಆಳ ನೋಡುವುದು ಇನ್ನೂ ಮುಖ್ಯ. ನಮ್ಮ ಹಿನ್ನೀರುಗಳ ತಳದಲ್ಲಿ ಹಳೆಯ ಕಾಡಿದೆ, ಊರಿದೆ, ಗೋಡೆಗಳಿವೆ. ಶರಾವತಿ ಹಿನ್ನೀರಿನಲ್ಲಿ ನೀರಿಳಿದಾಗ ಒಣಮರಗಳ ತುದಿ ಮೇಲೆದ್ದು ನಿಲ್ಲುವುದನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತಾರೆ. ನೀರಿನಡಿ ಒಂದು ಗೇಣು ಮುಳುಗಿ ಕಾಣದಿರುವ ಬೊಡ್ಡೆಯೇ ಕೊಲ್ಲುವಂಥದ್ದು. ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಓಟದ ಪಟ್ಟಿ ಪೂರ್ತಿ ಹತ್ತು ಮೀಟರಿಗೊಂದು ಕಡೆ ಇಳಿಸಿ ನೋಡಿ. ಸೋನಾರ್ ಇದ್ದರೆ ಒಳ್ಳೆಯದು, ಆದರೂ ಸಂಶಯದ ಕಡೆ ಹಗ್ಗ ಇಳಿಸಿ. ಎರಡು ಮೀಟರಿಗಿಂತ ಕಡಿಮೆ ಎಲ್ಲೂ ಇರಬಾರದು. ಅಳತೆ ಮಾಡಿದ ದಿನದ ಜಲಾಶಯದ ಮಟ್ಟವನ್ನು ಬರೆದಿಡಿ. ರೇಸಿನ ದಿನ ಬೆಳಿಗ್ಗೆ ಅಣೆಕಟ್ಟಿನ ಕಚೇರಿಯಿಂದ ಆ ದಿನದ ಮಟ್ಟ ಕೇಳಿ. ತಿಂಗಳಲ್ಲಿ ಒಂದೂವರೆ ಮೀಟರ್ ಇಳಿದಿದ್ದರೆ ನಿಮ್ಮ ಎರಡು ಮೀಟರ್ ಈಗ ಅರ್ಧ ಮೀಟರ್. ಹೊಳೆಯಲ್ಲಾದರೆ ಇದರ ಉಲ್ಟಾ. ಗಣೇಶಗುಡಿಯಲ್ಲಿ ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಬಿಡುವ ನೀರನ್ನು ಅವಲಂಬಿಸಿದೆ. ಇಂಥ ಕಡೆ ನೀರು ಬಿಡುವ ವೇಳಾಪಟ್ಟಿ ಕೈಯಲ್ಲಿಲ್ಲದೆ ಯಾವುದಕ್ಕೂ ಇಳಿಯಬೇಡಿ.

ತೆಪ್ಪದವರ ಗತಿ ಏನು ಎಂದು ಕೇಳಿದಿರಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ ಪ್ರಶ್ನೆ ಅದು. ಮೀನಿನ ಬಲೆ ಸಂಜೆ ಬಿಟ್ಟು ಬೆಳಗಿನ ಜಾವ ಎತ್ತುವಂಥದ್ದು. ಶನಿವಾರ ಬೆಳಿಗ್ಗೆ ಆರಕ್ಕೆ ನೀರು ಮುಚ್ಚುತ್ತದೆ ಎಂದು ಶುಕ್ರವಾರ ರಾತ್ರಿ ಹೇಳಿದರೆ ಬಲೆ ನೀರಲ್ಲೇ ಇರುತ್ತದೆ. ಅದನ್ನು ಬಿಡಿಸಿಕೊಳ್ಳಲು ಅವನು ಕತ್ತಲಲ್ಲೇ ಬಂದೇ ಬರುತ್ತಾನೆ, ಬರದೆ ಏನು ಮಾಡಿಯಾನು? ಆ ಬಲೆ ಅವನ ತಿಂಗಳ ದುಡಿಮೆ. ಹರಿಗೋಲು ಹತ್ತಿದವನಿಗೆ ನಿಮ್ಮ ಸೈರನ್ ಕೇಳಿದರೂ ಬೇಗ ಸರಿಯಲು ಆಗುವುದಿಲ್ಲ. ಗಾಳಿಗೆ ತಿರುಗುವ ದುಂಡು ದೋಣಿ ಅದು, ಗಂಟೆಗೆ ಎರಡು ಮೂರು ಕಿ.ಮೀ. ಹೋದರೆ ಹೆಚ್ಚು. ಆದ್ದರಿಂದ ಮೂರು ವಾರ ಮೊದಲೇ ಮೀನುಗಾರರ ಸಂಘಕ್ಕೆ ಹೋಗಿ ಕೂತು ಮಾತಾಡಬೇಕು. ಮೂರು ದಿನ ಮೊದಲು ದಡದ ಊರುಗಳಲ್ಲಿ ಮೈಕಿನಲ್ಲಿ ಸಾರಿಸಬೇಕು. ದೋಣಿಗಟ್ಟೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಮುಂದೆ ಕನ್ನಡದಲ್ಲಿ ದೊಡ್ಡಕ್ಷರದ ಚೀಟಿ ಅಂಟಿಸಬೇಕು. ಕಳೆದುಹೋಗುವ ದಿನಗಳ ದುಡಿಮೆಯನ್ನು ಮೊದಲೇ ಕೈಗೆ ಕೊಡಬೇಕು. ಅರ್ಜಿ ಬರೆದು ಆಮೇಲೆ ಪಡೆಯುವ ಪರಿಹಾರ ಅವರಿಗೆ ಪರಿಹಾರವಲ್ಲ. ನದಿ ದಾಟಿ ಶಾಲೆಗೋ ಆಸ್ಪತ್ರೆಗೋ ಹೋಗುವವರಿದ್ದರೆ ಅವರಿಗೆ ಬದಲಿ ವಾಹನ, ಇಲ್ಲವೇ ಗಡಿಯ ಹೊರಗೆ ಇನ್ನೊಂದು ಕಡವು. ಗಸ್ತಿಗೆ ಆ ಊರಿನ ಮೀನುಗಾರರನ್ನೇ ಸಂಬಳ ಕೊಟ್ಟು ನೇಮಿಸಿಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಯಾವ ಬೊಡ್ಡೆ ಎಲ್ಲಿದೆ, ಯಾರ ಬಲೆ ಎಲ್ಲಿದೆ ಎಲ್ಲ ಅವರಿಗೆ ಗೊತ್ತು. 'ಈಗ ಬೇಡ ಕಣಣ್ಣ, ಆ ಕಡೆ ಹೋಗು' ಎಂದು ಪರಿಚಯದವನು ಹೇಳಿದರೆ ಜನ ಕೇಳುತ್ತಾರೆ. ಟೀಶರ್ಟ್ ಹಾಕಿದ ಅಪರಿಚಿತ ಹುಡುಗ ಸೀಟಿ ಊದಿದರೆ ಕೇಳುವುದಿಲ್ಲ.

ಹಿಂದಿನ ಸಂಜೆ ಎರಡು ದೋಣಿಗಳಲ್ಲಿ ಅಕ್ಕಪಕ್ಕ ಸಾಗುತ್ತಾ ಪಟ್ಟಿ ಪೂರ್ತಿ ಬಾಚಬೇಕು: ಅಂತರಗಂಗೆಯ ತುಂಡು, ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ, ಗಣಪತಿ ಬಿಟ್ಟ ಮೇಲೆ ಉಳಿದ ಬಿದಿರಿನ ಕಟ್ಟು. ಒಂದು ಪ್ಲಾಸ್ಟಿಕ್ ಚೀಲ ಇಂಜಿನ್ನಿನ ನೀರು ಸೆಳೆಯುವ ಕಂಡಿಗೆ ಅಂಟಿದರೆ ಇಂಜಿನ್ ಕಾದು ದೋಣಿ ನಡುಪಟ್ಟಿಯಲ್ಲೇ ನಿಲ್ಲುತ್ತದೆ, ಹಿಂದಿನಿಂದ ಇನ್ನೊಂದು ಬರುತ್ತಿರುತ್ತದೆ. ರಾತ್ರಿ ಗಾಳಿಯ ದಿಕ್ಕು ಬದಲಾದರೆ ಬೆಳಿಗ್ಗೆ ಮತ್ತೆ ಬಾಚಿ. ಅಂತರಗಂಗೆ ಒಂದು ರಾತ್ರಿಯಲ್ಲಿ ಕೆರೆಯ ಈ ದಡದಿಂದ ಆ ದಡಕ್ಕೆ ಹೋಗಬಲ್ಲದು.

ಬೆಳಿಗ್ಗೆ ಮುಚ್ಚುವ ಕ್ರಮ ಹೀಗಿರಲಿ. ಗೊತ್ತಾದ ಹೊತ್ತಿಗೆ ಅರ್ಧ ಗಂಟೆ ಮೊದಲು ಒಂದು ಉದ್ದ ಸೈರನ್. ಗಸ್ತು ದೋಣಿಗಳು ಮೇಲ್ಗಡೆಯಿಂದ ಕೆಳಗಡೆಗೆ ಅಂಕುಡೊಂಕಾಗಿ ಇಳಿಯುತ್ತಾ, ಜೊಂಡಿನ ಮರೆಗಳನ್ನೂ ನೋಡುತ್ತಾ ಬರುತ್ತವೆ. ಪ್ರತಿ ಭಾಗದ ಕಾವಲುಗಾರ ತನ್ನ ಭಾಗ ಖಾಲಿ ಎಂದು ಬಾಯಿಬಿಟ್ಟು ಹೇಳಬೇಕು. ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು, ವಾಕಿಟಾಕಿಯ ಬ್ಯಾಟರಿ ಸತ್ತಿದ್ದರೂ ಮೌನವೇ ತಾನೆ ಇರುವುದು. ವಾಕಿಟಾಕಿ ಎಂದಾಗ ಒಂದು ಮಾತು: ಲೈಸೆನ್ಸ್ ಇಲ್ಲದೆ ಬಳಸಬಹುದಾದ್ದು 446.0–446.2 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯವು. ಆನ್‌ಲೈನಿನಲ್ಲಿ ಸಿಗುವ ಎಲ್ಲವೂ ಅದಲ್ಲ, ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಎಲ್ಲರೂ ಖಾಲಿ ಎಂದ ಮೇಲೆ ಹತ್ತು ನಿಮಿಷ ಅಲೆ ತಣಿಯಲು ಬಿಟ್ಟು, ಗಸ್ತು ಮುಖ್ಯಸ್ಥ ಅಪ್ಪಣೆ ಕೊಟ್ಟರೆ ಇಂಜಿನ್ ಶುರು. ಆಮೇಲೆ ಒಂದು ಕಯಾಕ್ ಒಳಗೆ ಬಂದರೂ ಕೆಂಪು ಬಾವುಟ. ಹಳದಿ ತೋರಿಸಿ ಎಚ್ಚರಿಸಿದರೆ ಸಾಕು ಎನ್ನುವ ರಾಜಿ ಬೇಡ. ರಕ್ಷಣಾ ದೋಣಿಗಳು ದಡದಲ್ಲಿ ಕಟ್ಟಿರಬಾರದು, ಸುತ್ತಿನ ಒಳಗೆ, ಎರಡೂ ತಿರುವಿಗೆ ಒಂದೊಂದು, ಇಂಜಿನ್ ಚಾಲೂ ಇಟ್ಟುಕೊಂಡು, ಮುಳುಗುಗಾರ ತಯಾರಾಗಿ ಕೂತಿರಬೇಕು. ಮಗುಚಿದ ಗೂಡಿನೊಳಗೆ ಬಿಗಿದು ಕೂತವನಿಗೆ ಒಂದು ನಿಮಿಷವೇ ಬಹಳ ದೀರ್ಘ. ಆಂಬುಲೆನ್ಸ್ ದಡಕ್ಕೆ ಮೂತಿ ಹೊರಗೆ ಮಾಡಿ ನಿಲ್ಲಲಿ, ಪ್ರೇಕ್ಷಕರ ಬೈಕುಗಳು ಅದರ ದಾರಿ ಮುಚ್ಚದಂತೆ ಒಬ್ಬ ಕಾವಲಿರಲಿ.

ಇನ್ನು ನೀವು, ಕಯಾಕಿನವರು. ಬೆಳಗಿನ ನಾಲ್ಕಕ್ಕೆ ಹೊರಟು ಮೂರು ಗಂಟೆ ಕಾರು ಓಡಿಸಿ ಹೋಗಿ ತಡೆ ನೋಡಿ ಸಿಟ್ಟಾಗುವುದಕ್ಕಿಂತ ಗುರುವಾರವೇ ಆ ಊರಿನ ಪಂಚಾಯಿತಿಗೋ ದೋಣಿ ನಡೆಸುವವರಿಗೋ ಒಂದು ಫೋನ್ ಮಾಡಿ. ವಾಟ್ಸಾಪಿನಲ್ಲಿ ಬಂದ ಹಳೆಯ ಆದೇಶದ ಫೋಟೋ ನಂಬಬೇಡಿ, ತಾರೀಖು ನೋಡಿ. ನೀರಿನಲ್ಲಿರುವಾಗಲೇ ಸೈರನ್ ಕೇಳಿದರೆ ದಾಟಲು ಹೋಗಬೇಡಿ. ಕಾರು ಆಚೆ ದಡದಲ್ಲಿದ್ದರೂ ಸರಿ, ಹತ್ತಿರದ ದಡ ಹಿಡಿದು ಇಳಿದು, ಕಯಾಕನ್ನು ನೀರಿನಂಚಿನಿಂದ ಮೂರು ಮೀಟರ್ ಮೇಲಕ್ಕೆ ಎಳೆದುಕೊಳ್ಳಿ. ಗುಂಪಿನವರಿಗೆ ದೂರದಿಂದ ಹೇಳಲು ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದರೆ 'ನಿಲ್ಲಿ', ನೆಟ್ಟಗೆ ಹಿಡಿದರೆ 'ದಾರಿ ತೆರವಾಗಿದೆ, ಬನ್ನಿ'. ಅಲೆಗೆ ಸಿಕ್ಕಿಬಿದ್ದರೆ ಪಕ್ಕೆ ಕೊಡದೆ ಮೂತಿಯನ್ನು ಅಲೆಯ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿಸಿ, ಹುಟ್ಟು ಹಾಕುವುದನ್ನು ನಿಲ್ಲಿಸಬೇಡಿ. ನಿಂತ ಕಯಾಕ್ ಬೇಗ ಮಗುಚುತ್ತದೆ. ಕಯಾಕಿನವರು ಸಾಮಾನ್ಯವಾಗಿ ಹಾಕುವ ಲೈಫ್ ಜಾಕೆಟ್ 50 ನ್ಯೂಟನ್ ತೇಲುಶಕ್ತಿಯದು. ಪ್ರಜ್ಞೆಯಿರುವ ಈಜುಗಾರನಿಗೆ ಅದು ಸಾಕು, ಪ್ರಜ್ಞೆ ತಪ್ಪಿದವನ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಜೊತೆಗಾರನ ಮೇಲೆ ಕಣ್ಣಿಡಲು ಇದೂ ಒಂದು ಕಾರಣ.

ಕೊನೆಯದಾಗಿ ನೀರನ್ನು ಮತ್ತೆ ತೆರೆಯುವುದು. ಚೌಕಳಿ ಬಾವುಟ ಬಿದ್ದ ಕೂಡಲೇ ಜನ ದೋಣಿ ತಳ್ಳುತ್ತಾರೆ. ಆಗ ಕೊನೆಯ ಸ್ಪರ್ಧಿಗಳು ಇನ್ನೂ ವೇಗದಲ್ಲೇ ಒಳಬರುತ್ತಿರುತ್ತಾರೆ, ಮುರಿದ ಫೈಬರ್ ತುಂಡುಗಳು ನೀರಲ್ಲಿ ತೇಲುತ್ತಿರುತ್ತವೆ. ಸ್ಪರ್ಧೆಗಿಳಿದ ದೋಣಿಗಳನ್ನು ಎಣಿಸಿ, ಎಲ್ಲವೂ ದಡಕ್ಕೆ ಬಂದು ಇಂಜಿನ್ ನಿಂತಿವೆ ಎಂದು ಖಾತ್ರಿ ಮಾಡಿಕೊಂಡು, ಒಂದು ಸಲ ಬಾಚಿ, ಆಮೇಲೆ ಎರಡು ಉದ್ದ ಸೈರನ್. ಆ ಎರಡು ಸೈರನ್ನಿನ ಅರ್ಥವನ್ನು ಮೈಕಿನಲ್ಲಿ ಸಾರುವಾಗಲೇ ಹೇಳಿರಬೇಕು. ತೇಲುಗುರುತುಗಳನ್ನು ಅದೇ ಸಂಜೆ ಎತ್ತಿ. ಹಗ್ಗ ಕತ್ತರಿಸಿ ಗುಂಡನ್ನು ತಳದಲ್ಲೇ ಬಿಟ್ಟುಹೋಗುವ ಕೆಟ್ಟ ಅಭ್ಯಾಸವಿದೆ. ಆ ತುಂಡು ಹಗ್ಗ ಮರುದಿನ ಯಾರದ್ದೋ ಬಲೆ ಹರಿಯುತ್ತದೆ. ಇಳಿಸಿದ ಗುಂಡು ಎಷ್ಟು, ಎತ್ತಿದ್ದು ಎಷ್ಟು ಎಂದು ಚೀಟಿಯಲ್ಲಿ ಬರೆದು, ಲೆಕ್ಕ ಸರಿಬಂದ ಮೇಲೆ ಆ ಚೀಟಿಯ ಒಂದು ಪ್ರತಿಯನ್ನು ಮೀನುಗಾರರ ಸಂಘಕ್ಕೆ ಕೊಟ್ಟು ಬನ್ನಿ.